ಇಲ್ಲದ ಪೆಡಲು

ಮಾರ್ಚ್ 2, ಭಾನುವಾರ. ಬೆಳಿಗ್ಗೆ 11

ಕಾರು ಕ್ಲಬ್ಬಿನಿಂದ ಈಗ ಬಂದೆ. ಎಂದಿನ ಜಾಗ, ಪೆಟ್ರೋಲ್ ಬಂಕಿನ ಪಕ್ಕದ ಕಾಫಿ ಅಂಗಡಿ. ಎಂದಿನ ಎಂಟು ಜನ. ಎಂದಿನ ಜಗಳ. ಮೇಜಿನ ಮೇಲೆ ಹೊಸ ಸೂಪರ್‌ಕಾರಿನ ಫೋಟೋ. ಎಂಟು ಗೇರು, ಒಳಗೆ ಎರಡು ಕ್ಲಚ್ಚು. ಕ್ಲಚ್ ಪೆಡಲು ಮಾತ್ರ ಇಲ್ಲ.

ಕ್ಲಚ್ಚಪ್ಪ ಫೋಟೋವನ್ನು ಎಕ್ಸ್‌ರೇ ಹಾಗೆ ಬೆಳಕಿಗೆ ಹಿಡಿದ. "ಎರಡು ಕ್ಲಚ್ ಇಟ್ಟು ಒತ್ತೋಕೆ ಒಂದೂ ಕೊಟ್ಟಿಲ್ಲ. ಕಾರೋ ಇದು, ಶೋಕೇಸೋ?"

ಹಲ್ಲಿನ ಡಾಕ್ಟರ್ ಅವನು, ಕ್ಲಚ್ಚಪ್ಪ ನಾವಿಟ್ಟ ಹೆಸರು. ಇಪ್ಪತ್ತೆರಡು ವರ್ಷದ ಸ್ನೇಹ. ವಾರವಿಡೀ ಬಾಯಿಯ ಹಲ್ಲು, ಭಾನುವಾರ ಗೇರಿನ ಹಲ್ಲು. ಹೊಟ್ಟೆಪಾಡೂ ಹಲ್ಲು, ಹುಚ್ಚೂ ಹಲ್ಲು.

ಟೈರ್ ಅಂಗಡಿಯವರು ನಮ್ಮ ಕಾರ್ಯದರ್ಶಿ. ಕಾರು ಕಂಡಲ್ಲಿ ದರ್ಶನಕ್ಕೆ ನಿಲ್ಲುವುದರಿಂದ ಆ ಪದವಿ. ಮೆಲ್ಲಗೆ ಶುರು ಮಾಡಿದರು. "ಆದ್ರೂ ಡಾಕ್ಟ್ರೇ, ಅದು ಗೇರ್ ಬದಲಾಯಿಸೋ ಸ್ಪೀಡು ಮನುಷ್ಯನ ಕೈಲಾಗಲ್ವಂತೆ..."

"ಸ್ಪೀಡ್ ಬೇಕಾದ್ರೆ ವಿಮಾನ ಹತ್ತಿ. ಆಟೋಮ್ಯಾಟಿಕ್ಕೇ ಬೇಕಾದ್ರೆ ಆಟೋ ಹತ್ತಿ."

ನಾನೂ ಒಗ್ಗರಣೆ ಹಾಕಿದೆ. ನನ್ನ ವಾರದ ಅಂಕಣ 'ಗೇರು ಬೀಜ'ಕ್ಕೆ ಸರಕು ಬೇಕಲ್ಲ. ಕಾಲೇಜಿನ ಪಾಠ ಸಂಬಳಕ್ಕೆ, ಅಂಕಣ ಸಂತೋಷಕ್ಕೆ. ಹದಿನೈದು ವರ್ಷದಿಂದ ಮೂರು ಪೆಡಲಿನ ಪರ ವಕಾಲತ್ತು. ಈಗ ಪತ್ರಿಕೆಯವರು ಅದೇ ಸೂಪರ್‌ಕಾರನ್ನು ಒಂದು ದಿನ ಓಡಿಸಿ ಬರೆಯಿರಿ ಎಂದಿದ್ದಾರೆ. ಕ್ಲಬ್ಬಿಗೆ ಹೇಳಿದೆ. ಎರಡು ನಿಮಿಷ ಮೌನ. ಆಮೇಲೆ ಕ್ಲಚ್ಚಪ್ಪ —

"ಹೋಗ್ಬಾ ಮೇಷ್ಟ್ರೇ. ಜಾತಿಯಿಂದ ಹೊರಗೆ ಹಾಕೋದು ಬಂದ್ಮೇಲೆ ನೋಡೋಣ."

ಮಾರ್ಚ್ 8, ಶನಿವಾರ. ಸಂಜೆ 5

ಶೋರೂಮಿನಿಂದ ಕಾರು ತಂದೆ. ನೆಲಕ್ಕೆ ಅಂಟಿಕೊಂಡ ಹಳದಿ ಹಲ್ಲಿ. ಒಳಗೆ ಕೂರುವುದಲ್ಲ, ಇಳಿಯುವುದು. ಬಾವಿಗೆ ಇಳಿದ ಹಾಗೆ.

ಮೆಕ್ಯಾನಿಕ್ ಮೇಡಂ ಎಲ್ಲ ತೋರಿಸಿದರು. ನಲವತ್ತು ದಾಟಿದವರು, ಕೈಯಲ್ಲಿ ಗ್ರೀಸು, ಮಾತಿನಲ್ಲಿ ಇಲ್ಲ. "ಸರ್, ಎಡಗಾಲನ್ನ ಮರೆತುಬಿಡಿ. ಇಲ್ಲಿ ಬ್ರೇಕ್ ಪೆಡಲ್ ಅಗಲ. ಮ್ಯಾನ್ಯುವಲ್ ಓಡಿಸಿದ ಕಾಲು ಕ್ಲಚ್ ಅಂದ್ಕೊಂಡು ಅದನ್ನೇ ತುಳಿಯುತ್ತೆ. ಕಾಲು ಹಿಂದಕ್ಕೆ ಮಡಚಿಟ್ಕೊಳ್ಳಿ."

"ನನ್ನ ಎಡಗಾಲು ನೆಂಟರ ಥರ ಅಲ್ಲ ಮೇಡಂ, ಕರೀದೆ ಬರಲ್ಲ."

ನಗಲಿಲ್ಲ ಅವರು. "ಎಲ್ಲರೂ ಹಾಗೇ ಅಂತಾರೆ ಸರ್."

ಮಾರ್ಚ್ 9, ಭಾನುವಾರ. ಬೆಳಿಗ್ಗೆ 5:50

ಕೆಳಗೆ ಹಾರ್ನ್. ಕ್ಲಚ್ಚಪ್ಪ, ಅವನ ಮೂವತ್ತು ವರ್ಷದ ಕೆಂಪು ಕಾರು. ಹಿಂದೆಯೇ ಬರುತ್ತಾನಂತೆ. ನನ್ನ ಅವಮಾನವನ್ನು ಹತ್ತಿರದಿಂದ ನೋಡಬೇಕಂತೆ. ಹೆಂಡತಿಗೆ ನಿದ್ದೆಗಣ್ಣಿನಲ್ಲಿ ಸಿಟ್ಟು — "ಹೋಗಿ ರೀ, ಬೀದಿಯೆಲ್ಲ ಎದ್ದು ಕೂರುತ್ತೆ!" ಬಂದು ಬರೆಯುತ್ತೇನೆ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ

ಕ್ಲಚ್ಚಪ್ಪ ಹೋದ. ಒಂಬತ್ತನೇ ತಾರೀಖೇ. ಬೆಳಿಗ್ಗೆ 6:40, ನೀರಿನ ಟ್ಯಾಂಕಿನ ತಿರುವು. ನನ್ನ ಕಾರು ನಿಂತಿತು. ಅವನದು ನಿಲ್ಲಲಿಲ್ಲ.

ನನಗೆ ಕುತ್ತಿಗೆ ಉಳುಕಿದೆ. ಅಷ್ಟೇ.

ಏಪ್ರಿಲ್ 1, ಮಂಗಳವಾರ. ಸಂಜೆ 6

ಕ್ಲಬ್ ತುರ್ತು ಸಭೆ ಕರೆದಿತ್ತು. ಏಳೇ ಜನ. ಅವನ ಕುರ್ಚಿ ಯಾರೂ ಎಳೆದುಕೊಳ್ಳಲಿಲ್ಲ, ಯಾರೂ ತೆಗೆಸಲೂ ಇಲ್ಲ. ಕಾಫಿಯವನು ಅಭ್ಯಾಸದಂತೆ ಎಂಟು ಲೋಟ ತಂದಿಟ್ಟ. ಎಂಟನೆಯದು ಆರಿ ಕೆನೆ ಕಟ್ಟುವವರೆಗೂ ಅಲ್ಲೇ ಇತ್ತು.

ಕಾರ್ಯದರ್ಶಿ ಒಂದು ಹಾಳೆ ಓದಿದರು. ಕಾರಿನ ಕಂಪ್ಯೂಟರು ತಾನಾಗಿಯೇ ಬ್ರೇಕ್ ಹಾಕಿದೆ. ಯಂತ್ರ ಮನುಷ್ಯನನ್ನು ಕೊಂದಿದೆ. ಇಂಥ ಗಾಡಿಗಳ ವಿರುದ್ಧ ಹೋರಾಟ, ಅದಕ್ಕೆ ನಮ್ಮ ಡಾಕ್ಟರ ಹೆಸರು. ಎಲ್ಲರ ಕಣ್ಣಲ್ಲೂ ನೀರು. ಜೊತೆಗೆ, ಹೇಳಬಾರದು... ಒಂದು ಥರದ ಗೆಲುವು. ವರ್ಷಗಟ್ಟಲೆಯ ವಾದಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿತಲ್ಲ.

"ಮೇಷ್ಟ್ರೇ, ಸ್ಟಿಯರಿಂಗ್ ಹಿಡಿದಿದ್ದೋರು ನೀವು. ಕಾರು ತಾನಾಗೇ ನಿಂತ್ಕೊಳ್ತು ಅಂತ ಬರೆದು ಸಹಿ ಹಾಕಿದ್ರೆ ಸಾಕು. ಆ ಮೆಕ್ಯಾನಿಕ್ಕನ್ನ ಆಗ್ಲೇ ಕೆಲಸದಿಂದ ದೂರ ಇಟ್ಟಿದ್ದಾರೆ. ಬ್ರೇಕಿನ ಸೆನ್ಸರ್ ಸರಿಯಾಗಿ ಕೂರಿಸಿಲ್ವಂತೆ ಆಯಮ್ಮ. ನಿಮ್ಮ ಸಹಿ ಬಿತ್ತು ಅಂದ್ರೆ ಮನೆಗೇ."

ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ. ನ್ಯೂಟ್ರಲ್‌ನಲ್ಲಿದ್ದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಅಂದರೆ ಏನಾಗುತ್ತದೆ ಎಂದು ನಾನೇ ಅಂಕಣದಲ್ಲಿ ಬರೆದಿದ್ದೇನೆ.

ಹದಿಮೂರರ ಭಾನುವಾರ, ಎರಡು ಗಂಟೆಗೆ, ಅತ್ತಿಗೆಯ ಮನೆಯಲ್ಲೇ ಸಹಿ. ಅತ್ತಿಗೆ ಅಂದರೆ ಕ್ಲಚ್ಚಪ್ಪನ ಹೆಂಡತಿ, ಅವರ ಎದುರಿಗೇ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 10:15

ಸ್ಟಾಫ್ ರೂಮಿನಲ್ಲಿದ್ದೆ. ಫೋನು. ಎತ್ತಿದೆ.

"ನಮಸ್ಕಾರ, ನಿಮ್ಮ ಹಲ್ಲಿನ ಡಾಕ್ಟರ್ ಮಾತಾಡ್ತಿದೀನಿ! ನೀವು ನನ್ನ ಮರೆತ್ರೂ ನಿಮ್ಮ ಹಲ್ಲು ಮರೆತಿಲ್ಲ. ನಾಳೆ ಹನ್ನೊಂದು ಗಂಟೆಗೆ ನಿಮ್ಮ ಸರದಿ. ಬರೋದಾದ್ರೆ ಒಂದು ಒತ್ತಿ. ಬರಲ್ಲ ಅಂದ್ರೆ ಎರಡು ಒತ್ತಿ."

ಅವನೇ. ಅವನದೇ ದನಿ. ಕ್ಲಿನಿಕ್ಕಿನ ಯಂತ್ರ ತಾನಾಗಿ ಮಾಡುವ ಕರೆ. ಫೆಬ್ರವರಿಯಲ್ಲಿ ದವಡೆ ಹಲ್ಲಿಗೆ ದಿನ ಕೊಟ್ಟಿದ್ದ, ಮರೆತಿದ್ದೆ. ಆಟೋಮ್ಯಾಟಿಕ್ ಎಂದರೆ ಉರಿದುಬೀಳುತ್ತಿದ್ದ ಮಹಾನುಭಾವ ಫೋನಿಗೆ ಮಾತ್ರ ಆಟೋಮ್ಯಾಟಿಕ್ ಹಾಕಿಸಿದ್ದ. ಇದನ್ನು ಹಿಡಿದು ಅವನನ್ನು ಒಂದು ತಿಂಗಳು ಕಾಡಿಸಬಹುದಿತ್ತು.

ಯಾವುದನ್ನೂ ಒತ್ತಲಿಲ್ಲ.

ಮಧ್ಯಾಹ್ನ 1:15

ಮತ್ತೆ ಕರೆ. ಒತ್ತದಿದ್ದರೆ ಮತ್ತೆ ಮಾಡುತ್ತದೆ.

ಸಂಜೆ 4:15

ಮತ್ತೆ. ಈ ಸಲ ಪೂರ್ತಿ ಕೇಳಿದೆ. 'ಒತ್ತಿ' ಎನ್ನುವ ಮೊದಲು ಸಣ್ಣದಾಗಿ ಉಸಿರು ಎಳೆದುಕೊಳ್ಳುತ್ತಾನೆ. ಎದುರಿಗಿದ್ದ ಲೆಕ್ಕದ ಮೇಡಂ ಕೇಳಿದರು, "ಯಾರದು ಸರ್, ಅಷ್ಟು ಹೊತ್ತು?" ಸ್ನೇಹಿತ ಅಂದೆ. "ಮಾತೇ ಆಡ್ಲಿಲ್ಲ ನೀವು." ಅವನು ಮಾತಾಡಿದರೆ ಬೇರೆಯವರಿಗೆ ಜಾಗ ಇರುವುದಿಲ್ಲ ಅಂದೆ.

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 11

ಇದು ಅವನು ಕೊಟ್ಟ ಹೊತ್ತು. ಬರೆದುಬಿಡುತ್ತೇನೆ.

ಕಾರು ತಾನಾಗಿ ನಿಲ್ಲಲಿಲ್ಲ. ನಾನು ನಿಲ್ಲಿಸಿದೆ.

ಮೊದಲ ಅರ್ಧ ಗಂಟೆ ಎಡಗಾಲು ಮಡಚಿಯೇ ಇತ್ತು. ಆಮೇಲೆ ಕಾರು ಇಷ್ಟವಾಗಿಬಿಟ್ಟಿತು. ಅದೂ ಬರೆಯಬೇಕು. ಹದಿನೈದು ವರ್ಷ ಬೈದದ್ದು ಬೆಣ್ಣೆಯ ಹಾಗೆ ಹೋಗುತ್ತಿತ್ತು, ನಾನು ಹಾಡಿಕೊಳ್ಳುತ್ತಿದ್ದೆ. ಮಡಚಿದ್ದ ಕಾಲು ಮುಂದೆ ಚಾಚಿಕೊಂಡೆ. ಟ್ಯಾಂಕಿನ ತಿರುವು ಬಂತು. ಅಲ್ಲಿ ಯಾವಾಗಲೂ ನಾಲ್ಕರಿಂದ ಮೂರಕ್ಕೆ ಇಳಿಸುತ್ತೇನೆ. ಎಡಗಾಲಿನಿಂದ ಕ್ಲಚ್ಚು ಪೂರ್ತಿ, ಅದೇ ಗಳಿಗೆಗೆ ಬಲಗಾಲಿನಿಂದ ಆಕ್ಸಿಲರೇಟರಿಗೆ ಒಂದು ತಟ್ಟು. ಗೇರಿನ ಹಲ್ಲಿಗೆ ನೋವಾಗಬಾರದು. ಹೇಳಿಕೊಟ್ಟವನು ಅವನೇ, ಇದೇ ತಿರುವಿನಲ್ಲಿ, ಇಪ್ಪತ್ತು ವರ್ಷದ ಹಿಂದೆ. "ಯೋಚಿಸ್ಬೇಡ ಮೇಷ್ಟ್ರೇ. ಕಾಲಿಗೆ ಬಿಡು."

ಕಾಲಿಗೆ ಬಿಟ್ಟೆ. ಅಲ್ಲಿ ಕ್ಲಚ್ಚಿರಲಿಲ್ಲ. ಆ ಅಗಲದ ಬ್ರೇಕಿತ್ತು. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು ಕಾರು.

ಆಮೇಲೆ ಹಿಂದಿನಿಂದ ಸದ್ದು.

ಏಪ್ರಿಲ್ 8, ಮಂಗಳವಾರ. ಮಧ್ಯಾಹ್ನ 3

ಕಾಲೇಜಿನ ಗೇಟಿನಲ್ಲಿ ಮೆಕ್ಯಾನಿಕ್ ಮೇಡಂ. ಗ್ರೀಸಿಲ್ಲದ ಕೈ ನೋಡಿದ್ದು ಇದೇ ಮೊದಲು. ಬೆಂಚಿನ ಮೇಲೆ ಕೂತೆವು. ಚೀಲದಿಂದ ಒಂದು ಹಾಳೆ ತೆಗೆದರು, ಕಾರಿನ ಕಂಪ್ಯೂಟರು ಬರೆದಿಟ್ಟ ಕೊನೆಯ ಹತ್ತು ಸೆಕೆಂಡು. ಎರಡು ಗೆರೆ. ಒಂದು ಬ್ರೇಕು, ಒಂದು ಆಕ್ಸಿಲರೇಟರು. ಎರಡೂ ಒಟ್ಟಿಗೆ ಎದ್ದಿವೆ, ಜೋಡಿ ಗುಡ್ಡದ ಹಾಗೆ.

"ಕಂಪನಿಯೋರು ಹೇಳೋದು — ಯಾವ ಮನುಷ್ಯನೂ ಎರಡನ್ನೂ ಒಟ್ಟಿಗೆ ಒತ್ತಲ್ಲ, ಅದಕ್ಕೇ ಸೆನ್ಸರ್ ತಪ್ಪು, ಸೆನ್ಸರ್ ತಪ್ಪು ಅಂದ್ರೆ ನಾನು ತಪ್ಪು. ನಾನು ನೆಟ್ಟಗೇ ಕೂರಿಸಿದ್ದೆ ಸರ್. ಎರಡು ಸಲ ನೋಡಿದ್ದೆ."

ಹಾಳೆಯನ್ನು ಅವರ ಕಡೆಗೆ ಸರಿಸಿದೆ.

"ನಂಗೆ ಒಂದೇ ಒಂದು ಹೇಳಿ. ಬ್ರೇಕ್ ಪೆಡಲ್ ಮೇಲೆ ಯಾವ ಕಾಲಿತ್ತು?"

"ಬಲಗಾಲು."

ನನ್ನ ಬಾಯಿಂದ ಅಷ್ಟು ಬೇಗ ಯಾವ ಹಾಸ್ಯವೂ ಹೊರಟಿಲ್ಲ.

ಆಕೆ ಹಾಳೆ ಮಡಚಿದರು. "ಸರಿ ಸರ್. ಹದಿನೆಂಟು ವರ್ಷ ಕೆಲಸ ಮಾಡಿದೀನಿ. ನಿಮ್ಮ ಅಂಕಣ ಓದ್ತೀನಿ, ಮನೇಲಿ ಎಲ್ಲರೂ ಓದ್ತಾರೆ. ನೀವು ಹೇಳಿದ್ರೆ ನಂಬಬೇಕು." ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರು. ನನ್ನ ಮುಖವನ್ನಲ್ಲ. ಬೆಂಚಿನ ಕೆಳಗೆ.

ನನ್ನ ಎಡಗಾಲು ಮಣ್ಣನ್ನು ಒತ್ತಿ ಹಿಡಿದಿತ್ತು. ಚಪ್ಪಲಿಯ ಅಡಿ ಗುಂಡಿ ಬಿದ್ದಿತ್ತು.

ಆ ಹಾಳೆಯನ್ನು ಕ್ಲಬ್ಬಿನ ಯಾರಾದರೂ ಒಂದು ಸಲ ನೋಡಿದ್ದರೆ ಸಾಕಿತ್ತು. ಜೋಡಿ ಗುಡ್ಡ ಅಂದರೆ ಎರಡು ಕಾಲು, ಗೇರು ಇಳಿಸುವ ತಟ್ಟು ಅಂತ ಏಳಕ್ಕೆ ಏಳೂ ಜನರಿಗೆ ಗೊತ್ತು. ಯಾರೂ ಕೇಳಿಯೇ ಇಲ್ಲ.

ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ 8

ಅಂಕಣ ಬರೆಯಲು ಕೂತೆ. ಮೂರು ಸಾಲು. ಮೂರರಲ್ಲೂ ಅವನ ಮಾತೇ ಬಂತು, ನನ್ನದು ಒಂದೂ ಇಲ್ಲ. ಇಷ್ಟು ವರ್ಷ ನಗಿಸಿದವರು ಯಾರು ಅಂತ ಈಗ ಸಂಶಯ.

ತಿಂಡಿಯ ಮೇಜು ಅಲುಗುತ್ತಿತ್ತು. ಹೆಂಡತಿ ಚಮಚ ಕೆಳಗಿಟ್ಟಳು.

"ರೀ, ಕಾಲು."

"ಏನು ಕಾಲು?"

"ಒಂದು ತಿಂಗಳಿಂದ ನೋಡ್ತಿದೀನಿ. ಕೂತ್ರೆ ಒತ್ತುತ್ತೀರಿ. ನಿದ್ದೇಲೂ ಒತ್ತುತ್ತೀರಿ, ಹೊದಿಕೆಯೆಲ್ಲ ಕೆಳಗೆ."

"ಅಭ್ಯಾಸ."

"ಗೊತ್ತು ನಂಗೆ ಅಭ್ಯಾಸ ಅಂತ." ತಟ್ಟೆ ಪಕ್ಕಕ್ಕೆ ಸರಿಸಿದಳು. "ಅವತ್ತೂ ಅಭ್ಯಾಸವೇ ಅಲ್ವಾ?"

ಇಪ್ಪತ್ತು ವರ್ಷ ಗೇರು ಎಂದರೆ ಹುರಿದು ತಿನ್ನುವುದು ಎಂದು ನನ್ನನ್ನು ಆಡಿಕೊಂಡವಳು. ಕ್ಲಬ್ಬಿನ ಪಂಡಿತರಿಗೆ ತಿಳಿಯದ್ದು ಇವಳಿಗೆ ಯಾವಾಗ ತಿಳಿಯಿತೋ. ತಲೆಯಾಡಿಸಿದೆ. ಅವಳು ಎದ್ದು ಬಂದು ನನ್ನ ಮಂಡಿಯ ಮೇಲೆ ಕೈ ಇಟ್ಟು ಒತ್ತಿ ಹಿಡಿದಳು. ಕೈಯ ಕೆಳಗೂ ಅದು ಮಿಡಿಯುತ್ತಲೇ ಇತ್ತು.

"ಕ್ಲಬ್ಬಿಗೆ ಹೇಳೋ ಮೊದಲು ಅವರ ಹೆಂಡತಿಗೆ ಹೇಳಿ," ಎಂದಳು. "ಎರಡು ಗಂಟೆಗಲ್ಲ. ಒಂದು ಗಂಟೆಗೇ ಹೋಗಿ."

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ 1:20

ಅತ್ತಿಗೆಯ ಮನೆಯ ಮುಂದಿನ ಕೋಣೆ. ಬಾಯಿಬಿಟ್ಟು ಹೇಳಲು ಆಗಲಿಲ್ಲ, ಬರೆದು ತಂದದ್ದನ್ನು ಕೊಟ್ಟೆ. ಎರಡು ಪುಟ. ಕಿಟಕಿಯ ಬಳಿ ಕೂತು ಓದುತ್ತಿದ್ದಾರೆ. ಸುಮ್ಮನೆ ಕೂರಲು ಕೈ ಬಿಡುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಧಾನಕ್ಕೆ ಓದುತ್ತಾರೆ. ಪುಟ ತಿರುಗಿಸಿದರು. ಮತ್ತೆ ಮೊದಲ ಪುಟಕ್ಕೆ ಬಂದರು.

1:35

ಕೇಳಿದರು. "ಎಡಗಾಲು?"

"ಹೌದು ಅತ್ತಿಗೆ."

"ಕಾರು ತಾನಾಗೇ ನಿಲ್ಲಲಿಲ್ಲ."

"ಇಲ್ಲ."

"ನಾನು ಆ ಹೆಂಗಸಿಗೆ ಫೋನ್ ಮಾಡಿ ಶಾಪ ಹಾಕಿದೆ. ನಿಮಗೆ ಗೊತ್ತಾ? ನಿಮ್ಮ ಮಕ್ಕಳು ಸುಖವಾಗಿರಲ್ಲ ಅಂದೆ. ಆಯಮ್ಮ ಒಂದು ಮಾತೂ ಎದುರಾಡ್ಲಿಲ್ಲ."

ಕಿಟಕಿಯ ಆಚೆ ನೋಡಿದರು. ಅಲ್ಲಿ ಕೆಂಪು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ.

"ನಮ್ಮ ಮನೆಯವರಿಗೆ ಗೊತ್ತಾಗಿರುತ್ತಾ? ನಿಮ್ಮ ಕಾಲು ಅಂತ?"

"ಆಗಿರುತ್ತೆ. ಅವನಿಗಲ್ದೆ ಇನ್ಯಾರಿಗೆ."

"ಹಾಗಾದ್ರೆ ನಕ್ಕಿರ್ತಾರೆ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

1:55

ಕುಡಿಯಲು ನೀರು ತಂದಿಟ್ಟರು. ನಿಂತೇ ಹೇಳಿದರು. "ಇವತ್ತಾದ ಮೇಲೆ ಈ ಮನೆಗೆ ಬರಬೇಡಿ. ಸಿಟ್ಟು ಅಂತ ಅಲ್ಲ. ನಿಮ್ಮನ್ನ ನೋಡಿದ್ರೆ ಅವರು ಹಿಂದೆಯೇ ಬರ್ತಿದ್ದಾರೆ ಅನ್ಸುತ್ತೆ."

ನನಗೂ ಹಾಗೇ ಅನ್ನಿಸುತ್ತದೆ ಎಂದು ಹೇಳಲಿಲ್ಲ.

ಹೊರಗೆ ಕಾರುಗಳು. ಒಂದರ ಹಿಂದೆ ಒಂದು, ಗೇರು ಇಳಿಸುವ ಸದ್ದು, ಪ್ರತಿಯೊಂದಕ್ಕೂ ಆ ಸಣ್ಣ ತಟ್ಟು. ಕಾರ್ಯದರ್ಶಿಯ ಕೆಮ್ಮು. ಅತ್ತಿಗೆ ನನ್ನ ಎರಡು ಪುಟವನ್ನು ನನ್ನ ಕೈಗೇ ಕೊಟ್ಟರು.

"ಕ್ಲಬ್ಬಿನೋರಿಗೆ ನೀವೇ ಓದಿ ಹೇಳಿ. ಜೋರಾಗಿ. ಆಮೇಲೆ ಇಲ್ಲಿಂದಲೇ ಆ ಹೆಂಗಸಿಗೆ ಫೋನ್ ಮಾಡಿ. ನಾನೂ ಮಾತಾಡಬೇಕು."

ಬಾಗಿಲು ತೆಗೆದರು. ಬರುತ್ತಿದ್ದಾರೆ, ಹೊಸಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾರೆ. ಕಾರ್ಯದರ್ಶಿಯ ಕೈಯಲ್ಲಿ ಪೆನ್ನು, ಮುಚ್ಚಳ ತೆಗೆದೇ ಇದೆ. "ಮೇಷ್ಟ್ರು ಆಗ್ಲೇ ಬಂದಿದ್ದಾರೆ ನೋಡಿ! ಎಲ್ಲಿ ಸಹಿ ಹಾಕ್ತೀರಿ, ಹೇಳಿ..." ಎದ್ದು ನಿಲ್ಲಬೇಕು. ಎಡಗಾಲು ಏಳುತ್ತಿಲ್ಲ. ಕೂತೇ ಓದುತ್ತೇನೆ, ಮೊದಲ ಸಾಲು — ಕಾರು ತಾನಾಗಿ ನಿಲ್ಲಲಿಲ್ಲ.