ಹುರುಳಿ ಕಟ್ಟು

೧೯೫೭ ಆಗಸ್ಟ್ ೬, ಬೆಳಿಗ್ಗೆ

ಅಣ್ಣನ ನಾಡಿ ಎಪ್ಪತ್ತು. ಮೂತ್ರ ಇವತ್ತೂ ಇಲ್ಲ. ವಾಂತಿಭೇದಿ ನಿಂತಿತು, ಕಿಡ್ನಿ ಕೈಕೊಟ್ಟಿತು. ತಾನಾಗಿಯೇ ಮತ್ತೆ ಶುರುವಾಗಬೇಕು — ಅಲ್ಲಿಯವರೆಗೆ ಹೃದಯ ನಿಲ್ಲದಂತೆ ಕಾಯುವುದಷ್ಟೇ ನನ್ನ ಡಾಕ್ಟರಿಕೆ.

ಮದ್ರಾಸಿನಿಂದ ತರಿಸಿದ ಜರ್ನಲ್ ಮತ್ತೆ ಓದಿದೆ. ಜೀವಕಣದ ಗೋಡೆಯಲ್ಲಿ ಬಾಗಿಲಿನಂಥದ್ದು ತೆರೆದು ಪೊಟ್ಯಾಸಿಯಂ ಹೊರಬೀಳುತ್ತದಂತೆ, ಆಮೇಲೆ ಮುಚ್ಚುತ್ತದಂತೆ. ಪ್ರಯೋಗ ಮಾಡಿದ್ದು ಕಡಲಪ್ರಾಣಿಯ ನರದ ಮೇಲೆ. ಹೃದಯದ ಬಡಿತವೂ ಹಾಗೇ ಇರಬೇಕು. ಹೊರಗೆ, ರಕ್ತದಲ್ಲೇ, ಅದು ತುಂಬಿಕೊಂಡರೆ ಬಡಿತ ತಪ್ಪುತ್ತದೆ. ಆದವಾನಿ ಮಾರ್ಕೆಟ್ ತುಂಬಿದ ದಿನ ನಮ್ಮ ಹತ್ತಿ ಬಿಡಿಸುವ ಜಿನ್ನಿನ ಗೇಟಿನಲ್ಲಿ ಬಂಡಿ ಸಿಕ್ಕಿಬೀಳುವ ಹಾಗೆ.

ಮೂತ್ರದಲ್ಲಿ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದಿದೆ. ಆದ್ದರಿಂದ ಸಕ್ಕರೆ, ಬೆಣ್ಣೆ, ಅಳತೆ ನೀರು. ಬೇಳೆ ಇಲ್ಲ, ಹಣ್ಣಿಲ್ಲ, ಎಳನೀರಿಲ್ಲ; ಎಲ್ಲದರಲ್ಲೂ ಅದೇ. ಗಂಡನನ್ನು ಉಪವಾಸ ಕೆಡವಿದೆನೆಂದು ಅತ್ತಿಗೆ ಎರ್ರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಆಗಸ್ಟ್ ೮, ಮಧ್ಯಾಹ್ನ

ನಾಡಿ ನಲವತ್ತು! ತುಟಿ ಜೋಮು ಹಿಡಿದಿದೆ ಅಂದ ಅಣ್ಣ. ಹೃದಯ ಹಿಡಿದು ನಿಲ್ಲಿಸಲು ಕ್ಯಾಲ್ಸಿಯಂ ರಕ್ತನಾಳಕ್ಕೆ ಕೊಟ್ಟೆ, ನಿಧಾನವಾಗಿ. ಅರವತ್ತಕ್ಕೆ ಬಂತು.

ಮಂಚದ ಕೆಳಗೆ ತಂಬಿಗೆ. ಮೂಸಿದೆ... ಹುರುಳಿ.

"ಯಾರು ಕೊಟ್ಟಿದ್ದು?"

"ನಾನ," ಅಂದಳು ಅವ್ವ. "ಉಚ್ಚಿ ಕಟ್ಟಿದ್ರ ಹುರುಳಿ ಕಟ್ಟು ಕುಡಿಸ್ತಾರಪ್ಪ. ನೀ ಬರೇ ಬೆಣ್ಣಿ ತಿನ್ನಿಸಿ ಅವನ್ನ ಒಣಗಿಸಾಕ ಹತ್ತೀದಿ."

ಹುರುಳಿ ತುಂಬ ಪೊಟ್ಯಾಸಿಯಂ. ನೀನೇ ಕೊಲ್ಲುತ್ತಿದ್ದೆ — ಮಾತು ಬಾಯಿತನಕ ಬಂತು. ಅಷ್ಟರಲ್ಲಿ ಅಣ್ಣ ಪಾತ್ರೆ ಕೇಳಿದ. ಮೂತ್ರ ಬಂತು. ತಾನಾಗಿ ಬರುವ ಹೊತ್ತಾಗಿತ್ತು, ಬಂತು; ಕಟ್ಟಿನಿಂದಲ್ಲ.

"ನೋಡಿದೇನು?" ಅವ್ವ ಅಳುತ್ತಲೇ ನಕ್ಕಳು.

ಹೇಳಲಾಗಲಿಲ್ಲ. ಹೇಳಿದರೆ ಈ ವಯಸ್ಸಿನಲ್ಲಿ ಅದನ್ನು ಹೊತ್ತು ಹೇಗೆ ಬದುಕುತ್ತಾಳೆ?

ಆಗಸ್ಟ್ ೧೯

ಅಣ್ಣ ಪಡಸಾಲೆಯಲ್ಲಿ ಕೂತು ಹಮಾಲರನ್ನು ಬೈಯುವಷ್ಟಾದ. ಅವ್ವ ಊರಿಗೆಲ್ಲ ಸಾರುತ್ತಿದ್ದಾಳೆ, ಹುರುಳಿ ಕಟ್ಟು ಮಗನನ್ನು ಉಳಿಸಿತು ಅಂತ. ಡಾಕ್ಟರ ಮನೆಯಲ್ಲೇ ಕುಡಿಸಿದರು ಅಂದಮೇಲೆ ಯಾರು ನಂಬುವುದಿಲ್ಲ? ನಾಳೆ ಹೇಳುತ್ತೇನೆ ಅಂತ ದಿನಾ ಅಂದುಕೊಳ್ಳುತ್ತೇನೆ. ಹೇಡಿ ನಾನು.

ಆಗಸ್ಟ್ ೨೬, ಸಂಜೆ

ಹಾಲಹರವಿಯಿಂದ ಬಂಡಿ ಬಂತು. ರೈತ ಉರುಕುಂದಪ್ಪ, ಹೆಂಡತಿ ಹುಲುಗಮ್ಮ. ಆಕೆಗೆ ವಾಂತಿಭೇದಿ, ಆಮೇಲೆ ಮೂತ್ರ ಬಂದ್. ಅಣ್ಣನದೇ ಕತೆ. ಬಂಡಿಯಲ್ಲಿ ಖಾಲಿ ಗಡಿಗೆ.

"ಹುರುಳಿ ಕಟ್ಟು, ಡಾಕ್ಟ್ರೇ. ನಿಮ್ಮ ತಾಯಾರು ಹೇಳ್ಯಾರಂತ ನಮ್ಮೂರಾಗೆಲ್ಲ ಸುದ್ದಿ ಐತಿ. ದಾರಿ ಉದ್ದಕ್ಕ ಕುಡಿಸ್ಕೊಂತ ಬಂದೀವಿ. ಇನ್ನ ಭಯಂ ಲೇದು ಕದಾ, ಉಳೀತಾಳಲ್ಲ?"

ಇದ್ದ ಕ್ಯಾಲ್ಸಿಯಂ ಎಲ್ಲ ಕೊಟ್ಟಾಯಿತು. ಎಡಗೈ ಆಕೆಯ ಮಣಿಕಟ್ಟಿನ ಮೇಲೆ, ಬಲಗೈಯಲ್ಲಿ ಪೆನ್ನು. ಬರೆಯದಿದ್ದರೆ ಎಣಿಕೆ ತಪ್ಪುತ್ತದೆ. ನಾಡಿ ಮೂವತ್ತನಾಲ್ಕು.

ಅವ್ವ ಬಂದಳು, ಬಿಸಿ ತಂಬಿಗೆ ಹಿಡಿದು. "ಇನ್ನೊಂದೀಟು ಕುಡಿಸಪ್ಪ."

"ಬ್ಯಾಡವ್ವ."

"ಯಾಕ? ನಿಮ್ಮಣ್ಣ ಉಳಿಲಿಲ್ಲೇನು?"

ಉರುಕುಂದಪ್ಪ ನನ್ನ ಬಾಯನ್ನೇ ನೋಡುತ್ತಿದ್ದಾನೆ. ಅವ್ವ ತಂಬಿಗೆ ಕೆಳಗಿಡಲೊಲ್ಲಳು. ಈ ಕಟ್ಟೇ ಕೊಲ್ಲುತ್ತಿದೆ ಅಂತ ಈಗ ಹೇಳಲೇಬೇಕು, ಇವನೆದುರಿಗೇ. ಇಪ್ಪತ್ತೆಂಟು. ಅವ್ವ ಕೇಳುತ್ತಲೇ ಇದ್ದಾಳೆ, ಯಾಕ, ಯಾಕ... ಇಪ್ಪತ್ತ—