ಕತ್ತಿನ ಅಳತೆ ಎಂಬ ಸಾಕ್ಷ್ಯ

ಮಾನ್ಯ ಔಷಧ ಪರವಾನಗಿ ಅಧಿಕಾರಿಗಳೇ,

ಕತ್ತಿನ ಗಂಟು ಕರಗಿಸುತ್ತದೆಂಬ ಬೇರಿನ ಲೇಪದ ಡಬ್ಬಿಗೆ ನೀವು 'ಗುಣ ಸಾಬೀತಾಗಿದೆ' ಎಂದು ಮುದ್ರೆ ಒತ್ತಿದ್ದೀರಿ. ಸಾಬೀತು ಮಾಡಿದವರು ಯಾರು ಸ್ವಾಮಿ? ಅರ್ಜಿ ಹಾಕಿ ಕೇಳಿದ್ದಕ್ಕೆ ತಾವು ದೊಡ್ಡ ಮನಸ್ಸು ಮಾಡಿ ಕಳಿಸಿದ್ದು ಒಂದೇ ಒಂದು ಹಾಳೆ. ಅದನ್ನು ಓದಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ನಾನು ದರ್ಜಿ. ನನ್ನ ತಂಗಿ ನನ್ನ ಅಂಗಡಿಯಲ್ಲೇ ಗುಂಡಿ-ಕಾಜಾ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಕಿವಿಯ ಕೆಳಗೆ ಕೋಟಿನ ಗುಂಡಿಯಷ್ಟು ಗಂಟು ಎದ್ದಾಗ ವೈದ್ಯರು, "ದುಗ್ಧರಸ ಗ್ರಂಥಿ ಊದಿದೆ, ಚೂರು ತೆಗೆದು ಪರೀಕ್ಷೆ ಮಾಡಬೇಕು" ಎಂದರು. ಇವಳು ಕೇಳಬೇಕಲ್ಲ! "ದಿನಾ ಕತ್ತರಿ ಹಿಡಿಯೋಳಿಗೇ ಕತ್ತರಿನಾ? ಹೋಗೋ ಅಣ್ಣ, ಲೇಪ ಹಚ್ಕೊಂಡ್ರೆ ಆಯ್ತು" ಅಂತ ನಕ್ಕಳು. ನಾನೂ ತಲೆಯಾಡಿಸಿದೆ. ಆದರೆ ಕಣ್ಣುಮುಚ್ಚಿ ನಂಬುವವನಲ್ಲ ನೋಡಿ ನಾನು! ಪ್ರತಿ ಸೋಮವಾರ ಅವಳ ಕತ್ತಿಗೆ ಟೇಪು ಸುತ್ತಿ ಅಳತೆ ಪುಸ್ತಕದಲ್ಲಿ ಬರೆದಿಟ್ಟೆ. ಹದಿಮೂರೂವರೆ ಇಂಚು. ಹದಿಮೂರು. ಹನ್ನೆರಡೂಮುಕ್ಕಾಲು. "ಎಷ್ಟು ಬಂತಣ್ಣ?" ಅನ್ನುತ್ತಿದ್ದಳು. "ಇಳೀತಾ ಇದೆ ಕಣೇ!" ಅನ್ನುತ್ತಿದ್ದೆ. ಸಂತೋಷ ತಡೆಯಲಾರದೆ ಆ ಅಂಕಿಗಳನ್ನೆಲ್ಲ ಬರೆದು ಲೇಪದ ತಯಾರಕರಿಗೆ ಧನ್ಯವಾದದ ಕಾಗದ ಹಾಕಿದೆ.

ಇಳಿಯುತ್ತಿದ್ದದ್ದು ಗಂಟಲ್ಲ, ನನ್ನ ತಂಗಿ. ಮೂವತ್ತು ವರ್ಷ ಜನರ ಮೈ ಅಳೆದವನಿಗೆ ಅವಳ ರವಿಕೆಯ ತೋಳು ಸಡಿಲವಾದದ್ದು ಕಾಣಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಕಾಲ ಮಿಂಚಿತ್ತು.

ಕಳೆದ ತಿಂಗಳು ಶಾಲೆಯ ಅಂಗಿ ಹೊಲಿಸಲು ಬಂದ ಹುಡುಗಿಯ ಕತ್ತಿನಲ್ಲಿ ನನ್ನ ಬೆರಳಿಗೆ ಅಂಥದೇ ಗಂಟು ಸಿಕ್ಕಿತು. ಆಸ್ಪತ್ರೆಗೆ ತೋರಿಸಿ ಎಂದರೆ ಅವಳ ಅಮ್ಮ, "ಸರ್ಕಾರದ ಮುದ್ರೆ ಇರೋ ಲೇಪ ಹಚ್ತಿದೀವಿ. ನೀವು ತೋಳಿನ ಅಳತೆ ನೋಡ್ಕೊಳ್ಳಿ" ಎಂದರು. ಅವತ್ತೇ ನಿಮಗೆ ಅರ್ಜಿ ಹಾಕಿದೆ.

ಬೇರಿನ ಮೇಲೆ ನನಗೆ ಹಗೆಯಿಲ್ಲ. ಶೀತಕ್ಕೋ ಹಲ್ಲುನೋವಿಗೋ ಊದಿದ ಗಂಟು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದಂತೆ. ಹೆಸರು ಮಾತ್ರ ಲೇಪಕ್ಕೆ ಬರುತ್ತದೆ. ಯಾವುದು ಯಾವುದರಿಂದ ಆಯಿತು ಎಂದು ನೋಡಲಿಕ್ಕಲ್ಲವೇ ನಿಮ್ಮ ಕಚೇರಿ ಇರುವುದು? ನೀವು ಕಳಿಸಿದ ಹಾಳೆ ನನ್ನದೇ ಕಾಗದ, ಸ್ವಾಮಿ. ನನ್ನದೇ ಕೈಬರಹ. 'ರೋಗಿಯ ಅನುಭವ, ಅಳತೆ ಸಮೇತ' ಎಂದು ಮೇಲೆ ನಿಮ್ಮ ಷರಾ. ಆ ರೋಗಿ ಬದುಕಿದ್ದಾಳೆಯೇ ಎಂದು ಒಂದು ಸಾಲು ಬರೆದು ಕೇಳಬಾರದಿತ್ತೇ?

ಮುದ್ರೆ ರದ್ದುಮಾಡಿ. ಎರಡು ಮೂರು ವಾರವಾದರೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕೆಂದು ಡಬ್ಬಿಯ ಮೇಲೆ ಬರೆಸಿ. ಶನಿವಾರ ಆ ತಾಯಿ ಅಂಗಿ ಒಯ್ಯಲು ಬರುತ್ತಾರೆ. ನನ್ನ ಮಾತು ನಡೆಯದು, ನಿಮ್ಮ ಸಹಿಯ ಕಾಗದ ನಡೆಯುತ್ತದೆ, ಅಷ್ಟರೊಳಗೆ ಕಳಿಸಿ. ಆ ಮಗುವಿನ ಕತ್ತಿಗೆ ಟೇಪು ಸುತ್ತಿದಾಗ ನನ್ನ ಬೆನ್ನ ಹಿಂದೆ "ಎಷ್ಟು ಬಂತಣ್ಣ?" ಎಂದು ಕೇಳಿಸಿತು. ಈ ಸಲ ಉತ್ತರ ನೀವು ಕೊಡಿ.

ಇಂತಿ,
ನಿಮ್ಮ ಕಡತದ ಏಕೈಕ ಸಾಕ್ಷ್ಯ,
ಅವಳ ಅಣ್ಣ