ದಿಂಬಿನ ಕವರಿನ ಇನ್ನೊಂದು ತುಂಡು

“ಎಣ್ಣೆ ತಂದು ಸುರಿದು ಕೀ ತಿರುಗಿಸೋದೊಂದೇ ಬಾಕಿ ಅತ್ತಿಗೆ, ಈ ಮುದಿ ಪಿಕಪ್ಪು ಕುದುರೆ ಹಾಗೆ ಓಡುತ್ತೆ ನೋಡಿ” ಎಂದು ಹೇಳಿ ಹೋದೆಯಲ್ಲ ಮೈದುನರಾಯಾ, ಆ ಕೀ ಮಾತ್ರ ಮುಟ್ಟಬೇಡ. ಫೋನ್ ಮಾಡಿದರೆ ನಿನ್ನ ಫೋನು ಅಡುಗೆಮನೆಯಲ್ಲೇ ಹಾಡುತ್ತಿದೆ. ಅದಕ್ಕೇ ಈ ಚೀಟಿಯನ್ನು ಸ್ಟೀರಿಂಗಿಗೆ ಅಂಟಿಸಿ ಕೆಲಸಕ್ಕೆ ಹೊರಟಿದ್ದೇನೆ.

ಎಂಜಿನ್ ಉಜ್ಜುವಾಗ ಪುಡಿ ಒಳಗೆ ಬೀಳದಿರಲೆಂದು, ಗಾಳಿ ಹೋಗುವ ತೂತುಗಳಿಗೆ ತುರುಕಲು ಹಳೇ ದಿಂಬಿನ ಕವರು ಹರಿದು ಎರಡು ತುಂಡು ಕೊಟ್ಟಿದ್ದೆ. ಒಗೆಯುವ ಬಕೆಟ್ಟಿನಲ್ಲಿ ಈಗ ಒಂದೇ ಇದೆ. ಶೆಡ್ಡೆಲ್ಲ ಜಾಲಾಡಿದೆ, ಇನ್ನೊಂದಿಲ್ಲ. ಅದು ಒಳಗೇ ಉಳಿದಿದ್ದರೆ ಎಂಜಿನ್ ಅದನ್ನು ನುಂಗಿ ಹೊಸ ವಾಲ್ವುಗಳನ್ನೆಲ್ಲ ಹಾಳುಮಾಡುತ್ತದೆ. ತಿಂಗಳುಗಟ್ಟಲೆ ನೀನು ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಮೊದಲು ಆ ತೂತುಗಳ ಮೇಲಿನ ಪೈಪು ಬಿಚ್ಚಿ ನೋಡು. ನೀನು ಮಾಡಿದ ಬಟ್ಟೆಯ ಬೀರುಗಳು ಈ ಗಾಡಿಯಲ್ಲಿ ಬೆಳಿಗ್ಗೆಯ ಬದಲು ಮಧ್ಯಾಹ್ನ ತಲುಪಿದರೂ ಗಿರಾಕಿ ನಿನ್ನನ್ನು ಗಲ್ಲಿಗೇರಿಸುವುದಿಲ್ಲ. ತಿಂಡಿ ಮುಚ್ಚಿಟ್ಟಿದ್ದೇನೆ. ಸೋಪು ಹಾಕಿ ಕೈ ತೊಳೆದು ತಿನ್ನು, ಗ್ರೀಸು ನಂಜಿಕೊಳ್ಳಬೇಡ.

ರಾತ್ರಿಪಾಳಿ ಮುಗಿಸಿ ಮಲಗಿದ್ದ ನಿನ್ನಣ್ಣನಿಗೂ ಹೇಳಿದೆ. “ತೆಗೆದಿರ್ತಾನೆ ಬಿಡೇ, ಅವನೇನು ಎಳೇ ಮಗುವಾ?” ಅಂದರು.

“ಮಗುವಾಗಿದ್ರೆ ಹೇಳಿದ ಮಾತು ಕೇಳ್ತಿತ್ತು. ನಿಮ್ಮ ತಮ್ಮ ಅಲ್ವಾ!” ಅಂದೆ.

ಅವರು ಹೊದಿಕೆ ಸರಿಸಿ ಎದ್ದು, ಬರಿಗಾಲಲ್ಲೇ ಶೆಡ್ಡಿಗೆ ಹೋಗಿ, ಪಿಕಪ್ಪಿನ ಬ್ಯಾಟರಿಯ ವೈರು ಕಳಚಿ ಬಂದು ಮತ್ತೆ ಮುಸುಕೆಳೆದರು.